ಮಕ್ಕಳ ಜೊತೆ ಫಾಲ್ ಸೀಸನ್ನಲ್ಲಿ ಡುಲೂತ್ ಕ್ಯಾಂಪಿಂಗ್: ಬುಕಿಂಗಿಂದ ಟೆಂಟ್ ಒಣಗಿಸೋವರೆಗೆ

ಮಿನ್ನೆಸೋಟಾದಲ್ಲಿ ಅಥವಾ ಪಕ್ಕದ ವಿಸ್ಕಾನ್ಸಿನ್, ಅಯೋವಾ ಕಡೆ ಇರೋ ನಮ್ಮೋರು ಫಾಲ್ ಕಲರ್ಸ್ ಅಂದ್ರೆ ಬೆಳಿಗ್ಗೆ ಹೊರಟು, ನಾಕು ಫೋಟೋ ತೆಗೆದು, ರಾತ್ರಿ ಮನೆಗೆ ವಾಪಸ್ ಬರೋದೇ ಜಾಸ್ತಿ. ಟೆಂಟಲ್ಲಿ ಮಲಗೋದಾ, ಅಕ್ಟೋಬರಲ್ಲಾ, ಮಕ್ಕಳನ್ನ ಕಟ್ಕೊಂಡಾ ಅಂತ ಎಲ್ಲರೂ ಹೆದರ್ತಾರೆ. ಹೆದರೋದು ತಪ್ಪೇನಲ್ಲ, ಆದ್ರೆ ಡುಲೂತ್‌ನಲ್ಲಿ ಒಂದು ಅನುಕೂಲ ಇದೆ: ಊರು, ಬಂದರು, ಕಾಡು ಮೂರೂ ಒಂದಕ್ಕೊಂದು ಅಂಟ್ಕೊಂಡೇ ಇವೆ. ಮಳೆ ಬಂತಾ, ಗಾಳಿ ಜೋರಾಯ್ತಾ, ಅರ್ಧ ಗಂಟೆಯಲ್ಲಿ ಮ್ಯೂಸಿಯಮ್ಮೋ ಅಕ್ವೇರಿಯಮ್ಮೋ ಸೇರ್ಕೋಬಹುದು. ಅದಕ್ಕೇ ಮೊದಲ ಸಲ ಚಳಿಯಲ್ಲಿ ಕ್ಯಾಂಪ್ ಮಾಡೋ ಫ್ಯಾಮಿಲಿಗೆ ನಾನು ಹೇಳೋದು ಇದೇ ಜಾಗ. ಹಗಲಿನ ಪ್ಲಾನ್ ಸಡಿಲ ಇಟ್ಕೊಳ್ಳಿ, ರಾತ್ರಿ ಪ್ಲಾನ್ ಗಟ್ಟಿ ಮಾಡ್ಕೊಳ್ಳಿ, ಉಳಿದಿದ್ದು ಹೇಗೋ ಆಗತ್ತೆ.

ಊರಿನ ಬಗ್ಗೆ ಸ್ವಲ್ಪ, ಗೊತ್ತಿಲ್ಲದವರಿಗೆ. ಲೇಕ್ ಸುಪೀರಿಯರ್‌ನ ಪಶ್ಚಿಮದ ತುದಿಯಲ್ಲಿ ಗುಡ್ಡದ ಇಳಿಜಾರಲ್ಲಿ ಕೂತಿರೋ ಬಂದರು ಊರು ಇದು. ಸರೋವರ ಅಂತಾರೆ ಅಷ್ಟೇ, ವಿಸ್ತೀರ್ಣ ಸುಮಾರು 82,000 ಚದರ ಕಿಲೋಮೀಟರ್, ಅಂದ್ರೆ ಇಡೀ ಕರ್ನಾಟಕದ ಅರ್ಧಕ್ಕೆ ಸ್ವಲ್ಪ ಕಮ್ಮಿ, ಆಳ ಜಾಸ್ತಿ ಇರೋ ಕಡೆ 406 ಮೀಟರ್. ಆ ದಡ ಕಾಣಲ್ಲ, ಅಲೆ ಬರತ್ತೆ, ಉಪ್ಪು ಮಾತ್ರ ಇಲ್ಲ.

ಯಾವಾಗ ಹೋಗೋದು

ಇದರಲ್ಲೇ ಜಾಸ್ತಿ ಜನ ಕನ್ಫ್ಯೂಸ್ ಆಗೋದು. ಇಲ್ಲಿ ಬಣ್ಣ ಒಂದೇ ಸಲ ಬರಲ್ಲ, ಎರಡು ಸಲ ಬರತ್ತೆ. ದಡದಿಂದ ಒಳಗಡೆ, ಗುಡ್ಡದ ಮೇಲಿರೋ ಮೇಪಲ್ ಮರಗಳು ಮೊದಲು ಕೆಂಪಾಗ್ತವೆ, ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆ ವಾರದ ಆಸುಪಾಸು. ಅವು ಉದುರೋ ಹೊತ್ತಿಗೆ ಕೆಳಗೆ ನೀರಿನ ಪಕ್ಕ ಇರೋ ಬರ್ಚ್, ಆಸ್ಪೆನ್ ಹಳದಿಗೆ ತಿರುಗ್ತವೆ, ಅದು ಅಕ್ಟೋಬರ್ ಮೊದಲೆರಡು ವಾರ. ಬೇಸಿಗೆ ಪೂರ್ತಿ ಬಿಸಿಲು ಕುಡಿದ ನೀರು ಬೇಗ ತಣ್ಣಗಾಗಲ್ಲ, ಅದರಿಂದ ದಡದಲ್ಲಿ ಮಂಜುಗಟ್ಟೋದು ಸ್ವಲ್ಪ ತಡ, ಎಲೆಗಳೂ ತಡ. ಹಾಗಾಗಿ ಒಂದು ವಾರ ಮಿಸ್ ಆಯ್ತು ಅಂತ ಟ್ರಿಪ್ಪನ್ನೇ ಕ್ಯಾನ್ಸಲ್ ಮಾಡ್ಬೇಡಿ, ಗುಡ್ಡ ಬಿಟ್ಟು ದಡ ಹಿಡೀರಿ ಅಷ್ಟೇ.

ಚಿಕ್ಕ ಮಕ್ಕಳಿದ್ರೆ ಸೆಪ್ಟೆಂಬರ್ ಕೊನೆ ಒಳ್ಳೇದು. ಮಧ್ಯಾಹ್ನ 60 ಫ್ಯಾರನ್‌ಹೀಟ್ ಹತ್ರ ಇರತ್ತೆ, ರಾತ್ರಿ 40ರ ಸುತ್ತ. ಅಕ್ಟೋಬರ್ ಮಧ್ಯಕ್ಕೆ ಹಗಲು 50ಕ್ಕೆ ಬಂದು ರಾತ್ರಿ 30ರ ಹತ್ರ ಇಳಿಯತ್ತೆ, ಸಂಜೆ ಆರೂವರೆಗೆ ಮುಂಚೇನೇ ಸೂರ್ಯ ಮುಳುಗಿರ್ತಾನೆ. ಈ ಕತ್ತಲಿನ ವಿಷಯ ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ, ಆದ್ರೆ ಆರೂವರೆಯಿಂದ ಮಲಗೋವರೆಗೆ ಎರಡೂವರೆ ಮೂರು ಗಂಟೆ ಕತ್ತಲಲ್ಲಿ ಮಕ್ಕಳನ್ನ ಸುಧಾರಿಸ್ಬೇಕು.

ಶಾಲೆಗೆ ಹೋಗೋ ಮಕ್ಕಳಿದ್ರೆ ಅಕ್ಟೋಬರ್ ಮೂರನೇ ವಾರದ ಎಂಇಎ ವೀಕೆಂಡ್ (ಟೀಚರ್‌ಗಳ ಸಮ್ಮೇಳನಕ್ಕೆ ಅಂತ ಕೊಡೋ ರಜ) ಕಣ್ಣಿಗೆ ಬೀಳತ್ತೆ, ಗುರುವಾರ ಶುಕ್ರವಾರ ಎರಡೂ ರಜ. ಇಡೀ ರಾಜ್ಯಕ್ಕೆ ಅದೇ ರಜ ಅನ್ನೋದೂ ನೆನಪಿರಲಿ!

ಸೈಟ್ ಬುಕಿಂಗ್

ಮಿನ್ನೆಸೋಟಾ ಸ್ಟೇಟ್ ಪಾರ್ಕ್‌ಗಳಲ್ಲಿ 120 ದಿನ ಮುಂಚೆ ಬುಕಿಂಗ್ ಓಪನ್ ಆಗತ್ತೆ. ಸೆಪ್ಟೆಂಬರ್ ಕೊನೆಗೆ ಹೋಗ್ಬೇಕು ಅಂದ್ರೆ ಮೇ ಕೊನೆಗೆ ಕಂಪ್ಯೂಟರ್ ಮುಂದೆ ಕೂರ್ಬೇಕು, ಅಕ್ಟೋಬರ್ ಮಧ್ಯಕ್ಕಾದ್ರೆ ಜೂನ್ ಮಧ್ಯ. ತಪ್ಪಿ ಹೋಯ್ತಾ, ಬೇಜಾರಿಲ್ಲ, ಹವಾಮಾನ ನೋಡಿ ಕೊನೇ ವಾರದಲ್ಲಿ ಕ್ಯಾನ್ಸಲ್ ಮಾಡೋರು ಬೇಕಾದಷ್ಟು ಜನ ಇರ್ತಾರೆ, ಸೋಮವಾರದಿಂದ ಗುರುವಾರದವರೆಗೆ ದಿನಾ ಎರಡು ಸಲ ಬುಕಿಂಗ್ ವೆಬ್‌ಸೈಟ್ ತೆಗೆದು ನೋಡ್ತಾ ಇರಿ. ಇದಲ್ಲದೆ ಕಾರಿಗೆ ವೆಹಿಕಲ್ ಪರ್ಮಿಟ್ ಬೇರೆ ತಗೋಬೇಕು, ದಿನದ್ದೂ ಸಿಗತ್ತೆ, ವರ್ಷದ್ದೂ ಸಿಗತ್ತೆ. ವರ್ಷದ್ದು ತಗೊಂಡ್ರೆ ರಾಜ್ಯದ ಎಲ್ಲಾ ಸ್ಟೇಟ್ ಪಾರ್ಕಿಗೂ ನಡೆಯತ್ತೆ.

ಯಾವ ಪಾರ್ಕ್ ಅಂತ ಕೇಳಿದ್ರೆ, ನನ್ನ ಲೆಕ್ಕದಲ್ಲಿ ಮೊದಲ ಆಯ್ಕೆ ಜೇ ಕುಕ್. ಡುಲೂತ್‌ಗೆ ಮುಂಚೆ, ಕಾರ್ಲ್‌ಟನ್ ಊರಿನ ಹತ್ರ, ಬಂದರಿಗೆ ಅರ್ಧ ಗಂಟೆ ಒಳಗೆ. ಸೇಂಟ್ ಲೂಯಿಸ್ ನದಿ ಓರೆಯಾಗಿ ಎದ್ದು ನಿಂತಿರೋ ಕಪ್ಪು ಬಂಡೆಗಳ ಮಧ್ಯೆ ಹರಿಯತ್ತೆ, ನೀರು ಡಿಕಾಕ್ಷನ್ ಬಣ್ಣ, ಗಲೀಜಲ್ಲ, ಮೇಲಿನ ಜೌಗು ಕಾಡಿಂದ ಬರೋ ಬಣ್ಣ ಅದು. ಅಲ್ಲಿರೋ ತೂಗು ಸೇತುವೆ 2012ರ ಪ್ರವಾಹಕ್ಕೆ ಹಾಳಾಗಿ ಮುಂದಿನ ವರ್ಷ ರಿಪೇರಿ ಆಯ್ತು, ಮಕ್ಕಳು ಅದರ ಮೇಲೆ ಹತ್ತು ಸಲ ಆಕಡೆ ಈಕಡೆ ಓಡ್ತಾರೆ ನೋಡಿ. ಕರೆಂಟ್ ಇರೋ ಸೈಟೂ ಇವೆ, ಕ್ಯಾಂಪರ್ ಕ್ಯಾಬಿನ್ನೂ ಇವೆ. ಒಂದು ವರ್ಷದೊಳಗಿನ ಮಗು ಇದ್ರೆ ಟೆಂಟ್ ಯೋಚನೆ ಬಿಡಿ, ಹೀಟರ್ ಇರೋ ಕ್ಯಾಬಿನ್ನೇ ಹುಡುಕಿ.

ಎರಡನೇದು ಗೂಸ್‌ಬೆರ್ರಿ ಫಾಲ್ಸ್, ಡುಲೂತ್ ದಾಟಿ ಹೈವೇ 61ರಲ್ಲಿ 40 ಮೈಲಿ. ಜಲಪಾತ ಚೆನ್ನಾಗಿದೆ, ಸರೋವರ ಪಕ್ಕದಲ್ಲೇ ಇದೆ, ಆದ್ರೆ ಊರಿಗೆ ದಿನಾ ಹೋಗಿ ಬರೋಕೆ ಒಂದೊಂದು ಕಡೆಗೆ ಐವತ್ತು ನಿಮಿಷ. ಟು ಹಾರ್ಬರ್ಸ್ ಊರಲ್ಲಿ ನೀರಿನ ಪಕ್ಕ ಊರಿನವರೇ ನಡೆಸೋ ಬರ್ಲಿಂಗ್ಟನ್ ಬೇ ಕ್ಯಾಂಪ್‌ಗ್ರೌಂಡ್ ಇದೆ, ನೋಟ ಸೂಪರ್, ಗಾಳಿಗೆ ಮಾತ್ರ ತಡೆ ಇರಲ್ಲ.

ಸೈಟ್ ಆರಿಸುವಾಗ ಬೇಸಿಗೆ ಬುದ್ಧಿ ಬಿಡಿ. ಬೇಸಿಗೆಯಲ್ಲಿ ನೀರಿಗೆ ಹತ್ರ ಇರೋದು ಬೇಕು, ಫಾಲಲ್ಲಿ ನೀರಿಗೂ ನಿಮಗೂ ಮಧ್ಯೆ ಮರಗಳು ಬೇಕು. ಟಾಯ್ಲೆಟ್ ಹತ್ರ ಇರಲಿ, ರಾತ್ರಿ ಎರಡು ಗಂಟೆಗೆ ಮಗೂನ ಎತ್ಕೊಂಡು ನಡೆಯೋ ದೂರ ಅದು. ಅಕ್ಟೋಬರ್ ಮಧ್ಯದ ಹೊತ್ತಿಗೆ ಪೈಪಲ್ಲಿ ನೀರು ಹೆಪ್ಪುಗಟ್ಟತ್ತೆ ಅಂತ ಸುಮಾರು ಪಾರ್ಕ್‌ಗಳಲ್ಲಿ ಶವರ್, ನಲ್ಲಿ ಎಲ್ಲಾ ಬಂದ್ ಮಾಡ್ತಾರೆ, ಹೊರಡೋ ವಾರ ಪಾರ್ಕಿನ ಪೇಜಲ್ಲಿ ನೋಡ್ಕೊಂಡು ಮನೆಯಿಂದಲೇ ನೀರಿನ ಕ್ಯಾನ್ ತುಂಬಿಸ್ಕೊಳ್ಳಿ.

ರಾತ್ರಿ ಚಳಿ, ಇದನ್ನ ನಿಧಾನಕ್ಕೆ ಓದಿ

ಚಳಿ ಮೇಲಿಂದ ಬರಲ್ಲ, ಕೆಳಗಿಂದ ಬರತ್ತೆ. ಎಷ್ಟು ದಪ್ಪದ ರಜಾಯಿ ಹೊದ್ರೂ ಬೆನ್ನ ಕೆಳಗಿನ ಬಟ್ಟೆ ನಿಮ್ಮ ಭಾರಕ್ಕೆ ಅಮುಕಿ ಹೋಗಿ ಶಾಖ ಪೂರ್ತಿ ನೆಲಕ್ಕೆ ಹೋಗ್ತಾ ಇರತ್ತೆ. ಮನೆಗೆ ಗೆಸ್ಟ್ ಬಂದಾಗ ಹಾಕ್ತೀವಲ್ಲ, ಆ ಎತ್ತರದ ಏರ್ ಮ್ಯಾಟ್ರೆಸ್, ಅದು ಇದಕ್ಕೆ ಅತೀ ಕೆಟ್ಟದ್ದು, ಒಳಗಿನ ಗಾಳಿ ರಾತ್ರಿ ಪೂರ್ತಿ ತಣ್ಣಗಾಗ್ತಾ ಬೆನ್ನಿಗೆ ಐಸ್ ಇಟ್ಟ ಹಾಗೆ ಮಾಡತ್ತೆ. ಸ್ಲೀಪಿಂಗ್ ಪ್ಯಾಡ್ ತಗೊಳ್ಳುವಾಗ ಆರ್-ವ್ಯಾಲ್ಯೂ ಅಂತ ಒಂದು ನಂಬರ್ ಬರ್ದಿರ್ತಾರೆ, ಶಾಖ ನೆಲಕ್ಕೆ ಹೋಗೋದನ್ನ ಎಷ್ಟು ತಡೆಯತ್ತೆ ಅನ್ನೋ ಲೆಕ್ಕ ಅದು, ಈ ಚಳಿಗೆ 4 ಅಥವಾ ಅದಕ್ಕಿಂತ ಜಾಸ್ತಿ ಬೇಕು. ಅಷ್ಟು ದುಡ್ಡು ಹಾಕೋಕೆ ಮನಸಿಲ್ಲ ಅಂದ್ರೆ ಇರೋ ಪ್ಯಾಡ್ ಕೆಳಗೆ ಒಂದು ಫೋಮ್ ಪ್ಯಾಡ್ ಸೇರ್ಸಿ, ಆರ್-ವ್ಯಾಲ್ಯೂಗಳು ಕೂಡ್ತವೆ, 2ರ ಜೊತೆ 2 ಇಟ್ರೆ 4.

ಹಾಸೋ ಕ್ರಮ ಹೀಗೆ. ಮೊದಲು ಟಾರ್ಪ್, ಅದು ಟೆಂಟಿನ ತಳಕ್ಕಿಂತ ಒಂದು ಇಂಚೂ ಹೊರಗೆ ಬರಬಾರದು, ಬಂದ್ರೆ ಮಳೆ ನೀರನ್ನ ಹಿಡಿದು ನೇರ ನಿಮ್ಮ ಕೆಳಗೇ ಕಳಿಸತ್ತೆ, ಹೆಚ್ಚಿದ್ದಿದ್ದನ್ನ ಒಳಗಡೆಗೆ ಮಡಚಿ. ಮೇಲೆ ಟೆಂಟ್. ಒಳಗೆ ಮೂಲೆಯಿಂದ ಮೂಲೆಗೆ ಫೋಮ್, ಊರಿಂದ ತಂದ ಕಂಬಳಿ ಇದ್ರೆ ಅದೂ ಇಲ್ಲೇ, ಹೊದೆಯೋಕಲ್ಲ, ಹಾಸೋಕೆ. ಅದರ ಮೇಲೆ ಪ್ಯಾಡ್, ಆಮೇಲೆ ಸ್ಲೀಪಿಂಗ್ ಬ್ಯಾಗ್. ಮಕ್ಕಳು ಮಧ್ಯದಲ್ಲಿ, ದೊಡ್ಡೋರು ಎರಡೂ ಅಂಚಲ್ಲಿ, ಯಾಕಂದ್ರೆ ಟೆಂಟಿನ ಗೋಡೆ ಬೆಳಗಿನ ಜಾವ ಒದ್ದೆ ಇರತ್ತೆ.

ಬ್ಯಾಗ್ ಮೇಲೆ 20 ಡಿಗ್ರಿ ಅಂತ ಬರೆದಿದ್ರೆ 20ರಲ್ಲಿ ಬೆಚ್ಚಗಿರ್ತೀರಿ ಅಂತಲ್ಲ, ಅಷ್ಟರವರೆಗೆ ಹೇಗೋ ತಡ್ಕೋಬಹುದು ಅಂತ. ಹತ್ತು ಹದಿನೈದು ಡಿಗ್ರಿ ಮಾರ್ಜಿನ್ ಇಟ್ಕೊಂಡು ನೋಡಿದ್ರೆ ಅಕ್ಟೋಬರ್‌ಗೆ 20ರ ಬ್ಯಾಗ್ ಸಾಕು, 40ರದ್ದು ತರಬೇಡಿ. ಮಕ್ಕಳಿಗೆ ದೊಡ್ಡೋರ ಬ್ಯಾಗ್ ಕೊಟ್ರೆ ಕಾಲ ಹತ್ರ ಖಾಲಿ ಜಾಗ ಉಳಿದು ಅದನ್ನ ಬಿಸಿ ಮಾಡೋಕಾಗಲ್ಲ, ಕೆಳಗಿನ ಭಾಗ ಮಡಚಿ ಕಟ್ಟಿ. ಗಟ್ಟಿ ಪ್ಲಾಸ್ಟಿಕ್ ಬಾಟಲಿಗೆ ಬಿಸಿ ನೀರು ತುಂಬಿ, ಮುಚ್ಚಳ ಎರಡು ಸಲ ಚೆಕ್ ಮಾಡಿ, ದಪ್ಪ ಸಾಕ್ಸ್ ಒಳಗೆ ಹಾಕಿ ಮಲಗೋ ಮುಂಚೆ ಹತ್ತು ನಿಮಿಷ ಬ್ಯಾಗೊಳಗೆ ಇಡಿ. ನಾಳೆ ಹಾಕೋ ಬಟ್ಟೆನೂ ಬ್ಯಾಗೊಳಗೇ ಇರಲಿ, ಬೆಳಿಗ್ಗೆ ತಣ್ಣನೆ ಪ್ಯಾಂಟ್ ಹಾಕಿಸೋ ಜಗಳ ತಪ್ಪತ್ತೆ. ಹಗಲೆಲ್ಲಾ ಓಡಾಡಿದ ಬಟ್ಟೆಯಲ್ಲಿ ಬೆವರು ಇರತ್ತೆ, ಅದರಲ್ಲೇ ಮಲಗಿಸ್ಬೇಡಿ. ಕಾಟನ್ ಬೇಡವೇ ಬೇಡ, ಥರ್ಮಲ್ ಅಥವಾ ಉಣ್ಣೆ, ತಲೆಗೆ ಟೋಪಿ.

ಎಷ್ಟೇ ಚಳಿ ಆದ್ರೂ ಟೆಂಟಿನ ಮೇಲಿನ ಕಿಂಡಿ ಮುಚ್ಚಬೇಡಿ, ಉಸಿರಿನ ತೇವ ಒಳಗೇ ಕೂತು ಬೆಳಿಗ್ಗೆ ಹನಿ ಹನಿಯಾಗಿ ಮೈ ಮೇಲೆ ಬೀಳತ್ತೆ. ಇನ್ನೊಂದು, ಇದರಲ್ಲಿ ಮಾತ್ರ ಯಾವ ರಾಜಿನೂ ಇಲ್ಲ: ಸ್ಟವ್, ಗ್ರಿಲ್, ಕೆಂಡ, ಗ್ಯಾಸ್ ಹೀಟರ್, ಯಾವುದೂ ಟೆಂಟ್ ಒಳಗೆ ಬರಬಾರದು. ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಮಲಗಿದ್ದವರು ಏಳಲ್ಲ. ಅಷ್ಟು ಚಳಿ ಆಯ್ತು ಅಂದ್ರೆ ಎದ್ದು ಹೋಟೆಲಿಗೆ ಹೋಗಿ, ಊರು ಪಕ್ಕದಲ್ಲೇ ಇದೆ.

ಅಡುಗೆ

ನಮ್ಮ ಮನೆಗಳಲ್ಲಿ ಪಾರ್ಟಿಗೆ ದೋಸೆ ಹಾಕೋಕೆ ಅಂತ ಇಟ್ಕೊಂಡಿರ್ತೀವಲ್ಲ, ಉದ್ದ ಕ್ಯಾನ್ ಹಾಕೋ ಸಿಂಗಲ್ ಬರ್ನರ್, ಅದರೊಳಗಿರೋದು ಬ್ಯೂಟೇನ್. ಅದು ಸುಮಾರು 31 ಫ್ಯಾರನ್‌ಹೀಟ್‌ಗಿಂತ ಕೆಳಗೆ ಗ್ಯಾಸ್ ಆಗೋದೇ ಇಲ್ಲ, 40ರಲ್ಲೇ ಉರಿ ಸೊರಗತ್ತೆ. ಬೆಳಿಗ್ಗೆ ಆರೂವರೆಗೆ ಕಾಫಿಗೆ ನೀರಿಟ್ಟು ಕಾಯ್ತಾ ಕೂರ್ಬೇಕಾಗತ್ತೆ. ಹಸಿರು ಸಿಲಿಂಡರಿನ ಪ್ರೊಪೇನ್ ಸ್ಟವ್ ತಗೊಳ್ಳಿ, ಅದಕ್ಕೆ ಈ ಚಳಿ ಏನೂ ಅಲ್ಲ.

ಮಿಕ್ಕಿದ್ದೆಲ್ಲಾ ಮನೆಯಲ್ಲೇ ಮುಗಿಸಿ. ಶುಕ್ರವಾರ ರಾತ್ರಿ ತಲುಪೋ ಹೊತ್ತಿಗೆ ಕತ್ತಲಾಗಿರತ್ತೆ, ಆವತ್ತು ಒಲೆ ಹಚ್ಚೋ ಉಸಾಬರಿ ಬೇಡ, ಪುಳಿಯೋಗರೆ ಕಲಸಿ ತನ್ನಿ. ಶನಿವಾರ ಬೆಳಿಗ್ಗೆ ಉಪ್ಪಿಟ್ಟು, ರವೆ ಮನೆಯಲ್ಲೇ ಒಗ್ಗರಣೆ ಸಮೇತ ಹುರಿದು ಡಬ್ಬಕ್ಕೆ ಹಾಕಿದ್ರೆ ಕುದಿಯೋ ನೀರಿಗೆ ಸುರಿಯೋದಷ್ಟೇ ಕೆಲಸ. ರಾತ್ರಿಗೆ ಬಿಸಿಬೇಳೆಬಾತನ್ನ ಗುರುವಾರವೇ ಮಾಡಿ, ಚಪ್ಪಟೆ ಡಬ್ಬದಲ್ಲಿ ಫ್ರೀಜ್ ಮಾಡಿ ಕೂಲರ್ ತಳಕ್ಕಿಡಿ, ಐಸಿನ ಕೆಲಸನೂ ಅದೇ ಮಾಡತ್ತೆ. ಬಿಸಿ ಮಾಡುವಾಗ ತಳ ಹಿಡಿಯತ್ತೆ, ಒಂದು ಲೋಟ ನೀರು ಸೇರ್ಸಿ ಸಣ್ಣ ಉರಿ.

ಈ ಕಡೆ ಕಪ್ಪು ಕರಡಿ ಇದೆ, ರಕೂನ್ ಅಂತೂ ಎಲ್ಲಾ ಕಡೆ ಇದೆ. ಹಾಗಾಗಿ ಕೂಲರ್, ತೊಳೆಯದ ಪಾತ್ರೆ, ಚಿಪ್ಸ್ ಪ್ಯಾಕೆಟ್, ಟೂತ್‌ಪೇಸ್ಟ್ ಕೂಡ, ಮಲಗೋ ಮುಂಚೆ ಕಾರೊಳಗೆ. ಮಕ್ಕಳ ಜೇಬಲ್ಲಿರೋ ಬಿಸ್ಕತ್ತು ಚೆಕ್ ಮಾಡೋದು ಮರೀಬೇಡಿ.

ಸೌದೆಯನ್ನ ಮನೆಯಿಂದ ಹೇರ್ಕೊಂಡು ಬರ್ಬೇಡಿ. ಎಮರಾಲ್ಡ್ ಆ್ಯಶ್ ಬೋರರ್ ಅಂತ ಒಂದು ಹುಳ ಸೌದೆ ಜೊತೆ ಪ್ರಯಾಣ ಮಾಡಿ ಕಾಡಿನ ಆ್ಯಶ್ ಮರಗಳನ್ನೇ ಕೊಲ್ತಾ ಇದೆ, ಅದಕ್ಕೆ ಸ್ಟೇಟ್ ಪಾರ್ಕಲ್ಲಿ ಅಪ್ರೂವ್ ಆದ ಸೌದೆ ಮಾತ್ರ ಸುಡ್ಬೇಕು, ಪಾರ್ಕ್ ಆಫೀಸಲ್ಲೇ ಮಾರ್ತಾರೆ. ಕಾಡಲ್ಲಿ ಬಿದ್ದಿರೋದನ್ನ ಆರಿಸ್ಕೊಳ್ಳೋದೂ ನಿಷಿದ್ಧ.

ಹೊರಡೋ ದಿನ

ಟ್ವಿನ್ ಸಿಟೀಸಿಂದ (ಮಿನ್ನಿಯಾಪೊಲಿಸ್, ಸೇಂಟ್ ಪಾಲ್) ಐ-35 ಹೈವೇ ಹಿಡಿದ್ರೆ 150 ಮೈಲಿ, ಎರಡೂವರೆ ಗಂಟೆ. ಮಧ್ಯಾಹ್ನ ಒಂದಕ್ಕೆ ಬಿಟ್ರೆ ಬೆಳಕಲ್ಲಿ ಟೆಂಟ್ ಹಾಕ್ಬಹುದು, ಮೂರೂವರೆಗೆ ಬಿಟ್ರೆ ಹೆಡ್‌ಲ್ಯಾಂಪ್ ಬೆಳಕಲ್ಲಿ. ಒಬ್ಬೊಬ್ಬ ಮಗುವಿಗೂ ಒಂದೊಂದು ಹೆಡ್‌ಲ್ಯಾಂಪ್ ಬೇಕು, ಒಂದೇ ಇದ್ರೆ ಕತ್ತಲಿಗಿಂತ ಜಗಳ ಜಾಸ್ತಿ. ಪಾರ್ಕ್ ಒಳಗೆ ಸಿಗ್ನಲ್ ಸರಿಯಾಗಿ ಸಿಗಲ್ಲ, ಮ್ಯಾಪ್, ಬುಕಿಂಗ್ ಕನ್ಫರ್ಮೇಶನ್ ಎರಡನ್ನೂ ಫೋನಿಗೆ ಇಳಿಸ್ಕೊಂಡಿರಿ.

ಊರೊಳಗೆ ಇಳಿಯೋ ಮುಂಚೆ ಥಾಂಪ್ಸನ್ ಹಿಲ್ ಅಂತ ರೆಸ್ಟ್ ಏರಿಯಾ ಸಿಗತ್ತೆ, ಜೇ ಕುಕ್‌ಗೆ ಹೋಗೋರು ಮಾರನೇ ದಿನ ಊರಿಗೆ ಬರುವಾಗ ನಿಲ್ಸಿ. ಬಂದರು, ಸೇತುವೆ, ಮರಳಿನ ಉದ್ದ ಪಟ್ಟಿ, ಆಚೆಗೆ ನೀರು, ಎಲ್ಲಾ ಒಂದೇ ನೋಟಕ್ಕೆ ಸಿಗತ್ತೆ, ಮಕ್ಕಳಿಗೆ ಊರಿನ ನಕ್ಷೆ ಅಲ್ಲೇ ತಲೇಲಿ ಕೂತು ಬಿಡತ್ತೆ.

ಬಂದರು

ಹಡಗುಗಳು ಬಂದರಿನ ಒಳಗೆ ಬರೋ ಕಾಲುವೆ ಪಕ್ಕದ ಜಾಗವೇ ಕ್ಯಾನಲ್ ಪಾರ್ಕ್, ಅಲ್ಲಿಗೆ ಹೋಗೋ ಮುಂಚೆ ಹಡಗು ಯಾವಾಗ ಬರತ್ತೆ ಅಂತ ನೋಡ್ಕೊಳ್ಳಿ. ಮೆರೈನ್‌ಟ್ರಾಫಿಕ್ ಆ್ಯಪಲ್ಲಿ ಹಡಗುಗಳು ಎಲ್ಲಿದ್ದಾವೆ ಅಂತ ಕಾಣತ್ತೆ, ಡುಲೂತ್ ಶಿಪ್ಪಿಂಗ್ ನ್ಯೂಸ್ ಸೈಟಲ್ಲಿ ವೇಳಾಪಟ್ಟಿನೂ ಸಿಗತ್ತೆ, ಆದ್ರೆ ಸಮಯ ಅರ್ಧ ಗಂಟೆ ಆಚೀಚೆ ಆಗ್ತಾನೇ ಇರತ್ತೆ, ಕೈಯಲ್ಲಿ ತಿಂಡಿ ಇರಲಿ.

ಮೊದಲು ದೂರದಲ್ಲಿ ಒಂದು ಗೆರೆ ಕಾಣತ್ತೆ, ಅದು ಅಲ್ಲಾಡ್ತಾನೇ ಇಲ್ಲ ಅನ್ಸತ್ತೆ. ಆಮೇಲೆ ಹಡಗು ಹಾರ್ನ್ ಹೊಡೆಯತ್ತೆ, ಕಾಲುವೆ ಮೇಲಿನ ಏರಿಯಲ್ ಲಿಫ್ಟ್ ಬ್ರಿಡ್ಜ್ ತಾನೂ ಹಾರ್ನ್ ಹೊಡೆದು ಉತ್ತರ ಕೊಡತ್ತೆ, ಮೂರು ಉದ್ದ ಎರಡು ಚಿಕ್ಕ ಬಂದ್ರೆ ಅದು ಮಾಸ್ಟರ್ ಸೆಲ್ಯೂಟ್, ಎದೆ ಒಳಗೆ ನಡುಗತ್ತೆ, ಚಿಕ್ಕ ಮಕ್ಕಳ ಕಿವಿ ಮುಚ್ಚಿ. ಕಾರುಗಳು ನಿಲ್ತವೆ, ಗಂಟೆ ಬಾರಿಸತ್ತೆ, ಸೇತುವೆಯ ರಸ್ತೆ ಪೂರ್ತಿ ಅಡ್ಡಡ್ಡವಾಗಿ 135 ಅಡಿ ಮೇಲಕ್ಕೆ ಎದ್ದು ಬಿಡತ್ತೆ. 1905ರಲ್ಲಿ ಕಟ್ಟಿದಾಗ ಅದು ಕೆಳಗೆ ನೇತಾಡೋ ತೊಟ್ಟಿಲಲ್ಲಿ ಗಾಡಿ, ಜನರನ್ನ ದಾಟಿಸ್ತಾ ಇತ್ತಂತೆ, 1929-30ರಲ್ಲಿ ಈಗಿನ ತರ ಬದಲಾಯಿಸಿದ್ರು. ಅಷ್ಟೊತ್ತಿಗೆ ಸಾವಿರ ಅಡಿ ಉದ್ದ, 105 ಅಡಿ ಅಗಲದ ಹಡಗು ಸುಮಾರು 300 ಅಡಿ ಅಗಲದ ಕಾಲುವೆ ಒಳಗೆ ನುಗ್ಗಿರತ್ತೆ, ಗೋಡೆ ಪಕ್ಕ ನಿಂತ್ರೆ ಡೆಕ್ ಮೇಲಿನವರು ಕೈ ಬೀಸೋದು, ತುಕ್ಕು ಹಿಡಿದ ವೆಲ್ಡಿಂಗ್ ಗೆರೆ ಎಲ್ಲಾ ಕಾಣತ್ತೆ, ಹಡಗು ಮುಗಿಯೋದೇ ಇಲ್ಲ ಹೋಗ್ತಾನೇ ಇರತ್ತೆ. ಒಳಗಿರೋದು ಹೆಚ್ಚಾಗಿ ಕಬ್ಬಿಣದ ಅದಿರಿನ ಉಂಡೆ, ಸುಣ್ಣಕಲ್ಲು, ಇಲ್ಲಾ ಕಲ್ಲಿದ್ದಲು. ವಿದೇಶದ ಹಡಗು ಸಿಕ್ಕರೆ ಗೋಧಿಗೆ ಬಂದಿರತ್ತೆ, ಅಟ್ಲಾಂಟಿಕ್ಕಿಂದ ಸುಮಾರು 3,700 ಕಿಲೋಮೀಟರ್ ಒಳಗೆ ಬಂದಿದೆ ಅಂತ ಮಕ್ಕಳಿಗೆ ಹೇಳಿ.

ಪಕ್ಕದಲ್ಲೇ ಲೇಕ್ ಸುಪೀರಿಯರ್ ಮ್ಯಾರಿಟೈಮ್ ವಿಸಿಟರ್ ಸೆಂಟರ್, ಪುಕ್ಕಟೆ, ಬೆಚ್ಚಗಿರತ್ತೆ, ಒಳ್ಳೆ ಟಾಯ್ಲೆಟ್ ಇದೆ. ಮಳೆ ದಿನಕ್ಕೆ ಗ್ರೇಟ್ ಲೇಕ್ಸ್ ಅಕ್ವೇರಿಯಮ್, ಅಥವಾ 1938ರ ಹಡಗು ವಿಲಿಯಂ ಎ. ಇರ್ವಿನ್, ಈಗ ಮ್ಯೂಸಿಯಂ. ಅಕ್ಟೋಬರ್ ಸಂಜೆ ಅದರೊಳಗೆ ದೆವ್ವದ ಶೋ ಮಾಡ್ತಾರೆ, ಟೆಂಟಲ್ಲಿ ಮಲಗ್ಬೇಕಾದ ಮಕ್ಕಳಿಗೆ ಅದು ಬೇಡ ಅಂತೀನಿ. ರೈಲು ಹುಚ್ಚಿನ ಮಕ್ಕಳಿದ್ರೆ 1892ರ ಹಳೇ ಡಿಪೋ, ಅಲ್ಲಿಂದಲೇ ದಡದ ಪಕ್ಕ ರೈಲು ಸವಾರಿನೂ ಇದೆ.

ಗಾಳಿ ಈಶಾನ್ಯದಿಂದ ಬಂದ್ರೆ ಮಾತ್ರ ಹುಷಾರು. ಸರೋವರದ ಉದ್ದಕ್ಕೂ 350 ಮೈಲಿ ಬೀಸಿ ಬಂದ ಗಾಳಿ ಎಬ್ಬಿಸಿದ ಅಲೆ ಪೂರ್ತಿ ಈ ಮೂಲೆಗೇ ಬಂದು ಅಪ್ಪಳಿಸತ್ತೆ, ಕಾಲುವೆ ಗೋಡೆ ಮೇಲೆ ಹತ್ತಿ ಹೋಗತ್ತೆ. 1905ರ ನವೆಂಬರ್ 28ರಂದು ಮಟಾಫಾ ಅನ್ನೋ ಹಡಗು ಇದೇ ಕಾಲುವೆ ಬಾಯಲ್ಲಿ ಗೋಡೆಗೆ ಬಡಿದು, ದಡದಲ್ಲಿ ಜನ ನೋಡ್ತಾ ಇದ್ದ ಹಾಗೇ ಒಂಬತ್ತು ಜನ ಚಳಿಗೆ ಸತ್ರು. 1967ರಲ್ಲಿ ಮೂವರು ಅಣ್ಣತಮ್ಮಂದಿರು, ಅವರನ್ನ ಹುಡುಕೋಕೆ ಹೋದ ಕೋಸ್ಟ್ ಗಾರ್ಡ್‌ನವರೊಬ್ಬರು ಈ ಗೋಡೆ ಮೇಲಿಂದಲೇ ಕೊಚ್ಚಿ ಹೋದ್ರು. ಗೇಲ್ ವಾರ್ನಿಂಗ್ (ಬಿರುಗಾಳಿ ಎಚ್ಚರಿಕೆ) ಇದೆ ಅಂದ್ರೆ ಅಲೆ ನೋಡೋಕೆ ಹೋಗಿ, ಖಂಡಿತ ಹೋಗಿ, ನೋಡೋಕೆ ಚೆನ್ನಾಗಿರತ್ತೆ, ಆದ್ರೆ ರಸ್ತೆ ಕಡೆಯಿಂದ, ಮಕ್ಕಳ ಕೈ ಹಿಡ್ಕೊಂಡು. ಸೇತುವೆ ಆಚೆ ಪಾರ್ಕ್ ಪಾಯಿಂಟ್ ಮರಳಲ್ಲೂ ಅಷ್ಟೇ, ಮರಳಾಟ ಸಾಕು, ನೀರಿಗೆ ಇಳಿಸ್ಬೇಡಿ.

ಇನ್ನೊಂದಿಷ್ಟು ಕಡೆ

ಸೆಪ್ಟೆಂಬರ್ ಮಧ್ಯದಿಂದ ಹೋಗೋರು ಹಾಕ್ ರಿಜ್ ಅನ್ನೋ ಗುಡ್ಡ ಬಿಡ್ಲೇಬೇಡಿ. ಉತ್ತರದಿಂದ ವಲಸೆ ಬರೋ ಗಿಡುಗಗಳಿಗೆ ಇಷ್ಟು ದೊಡ್ಡ ನೀರು ದಾಟೋಕೆ ಇಷ್ಟ ಇಲ್ಲ, ದಡ ಹಿಡ್ಕೊಂಡು ಹಾರ್ತಾ ಎಲ್ಲಾ ಇಲ್ಲಿಗೇ ಬಂದು ಸೇರ್ತವೆ. 2003ರ ಸೆಪ್ಟೆಂಬರ್ 15ರಂದು ಒಂದೇ ದಿನ ಲಕ್ಷಕ್ಕಿಂತ ಜಾಸ್ತಿ ಬ್ರಾಡ್-ವಿಂಗ್ಡ್ ಹಾಕ್ ಎಣಿಸಿದ್ರು. ವಾಯವ್ಯ ಗಾಳಿ ಇರೋ ಬಿಸಿಲು ದಿನ, ಬೆಳಿಗ್ಗೆ ಒಂಬತ್ತರ ಮೇಲೆ ಹೋಗಿ. ಅಕ್ಟೋಬರಲ್ಲಾದ್ರೆ ಸಂಖ್ಯೆ ಕಮ್ಮಿ, ಹದ್ದುಗಳು ಜಾಸ್ತಿ. ಎಂಗರ್ ಟವರ್ ಹತ್ತೋಕೆ ದುಡ್ಡಿಲ್ಲ, ಐದು ಮಹಡಿ, ಬಣ್ಣ ನೋಡೋಕೆ ಊರೊಳಗಿನ ಒಳ್ಳೆ ಜಾಗ.

ಒಂದು ದಿನ ಪೂರ್ತಿ ಇದ್ರೆ ಉತ್ತರಕ್ಕೆ ಹೋಗಿ. ಡುಲೂತ್‌ನಿಂದ ಟು ಹಾರ್ಬರ್ಸ್‌ವರೆಗೆ ಎಕ್ಸ್‌ಪ್ರೆಸ್‌ವೇ ಬಿಟ್ಟು ಹಳೇ ಸೀನಿಕ್ 61 ಹಿಡೀರಿ, ಅಲ್ಲಿಂದ ಮುಂದೆ ಗೂಸ್‌ಬೆರ್ರಿ ಜಲಪಾತ, ಆಮೇಲೆ ಸ್ಪ್ಲಿಟ್ ರಾಕ್ ಲೈಟ್‌ಹೌಸ್. ಮಟಾಫಾ ಒಡೆದ ಅದೇ ಬಿರುಗಾಳಿಯಲ್ಲಿ ಸುಮಾರು ಹಡಗು ಹಾಳಾದವು ಅಂತಲೇ ಅದನ್ನ 1910ಕ್ಕೆ ಕಟ್ಟಿ ಮುಗಿಸಿದ್ದು. 1975ರ ನವೆಂಬರ್ 10ಕ್ಕೆ ಎಡ್ಮಂಡ್ ಫಿಟ್ಜ್‌ಜೆರಾಲ್ಡ್ ಮುಳುಗಿ 29 ಜನ ಹೋದ್ರು, ಪಕ್ಕದ ಸುಪೀರಿಯರ್ ಊರಿಂದಲೇ ಹಿಂದಿನ ದಿನ ಹೊರಟಿದ್ದ ಹಡಗು, ಪ್ರತಿ ವರ್ಷ ಆ ದಿನ ಇಲ್ಲಿ ದೀಪ ಹಚ್ತಾರೆ.

ದಡದ ಕಲ್ಲುಗಳಲ್ಲಿ ಅಗೇಟ್ (ಪಟ್ಟೆ ಪಟ್ಟೆ ಇರೋ ಹರಳು ಕಲ್ಲು) ಹುಡುಕೋದು ಮಕ್ಕಳಿಗೆ ಗಂಟೆಗಟ್ಟಲೆ ಕೆಲಸ. ಒದ್ದೆ ಕಲ್ಲನ್ನ ಸೂರ್ಯನ ಕಡೆ ಹಿಡಿದ್ರೆ ಬೆಳಕು ಒಳಗೆ ಇಳಿದು ಕೆಂಪು ಕಿತ್ತಳೆ ಪಟ್ಟೆ ಕಾಣ್ಬೇಕು, ಕೆಂಪು ಕಬ್ಬಿಣದಿಂದ ಬರೋದು. ಸ್ಟೇಟ್ ಪಾರ್ಕ್ ಒಳಗಿನ ಕಲ್ಲು ಮಾತ್ರ ಅಲ್ಲೇ ಬಿಟ್ಟು ಬರ್ಬೇಕು, ಕಾನೂನು.

ಗಂಟುಮೂಟೆ

ಭಾನುವಾರ ಬೆಳಿಗ್ಗೆ ಟೆಂಟ್ ಒದ್ದೆ ಇರತ್ತೆ, ಬಿಸಿಲಿಗೆ ಕಾಯ್ತಾ ಕೂತ್ರೆ ಮಧ್ಯಾಹ್ನದ ಐ-35 ಟ್ರಾಫಿಕ್ಕಲ್ಲಿ ಸಿಗಾಕ್ಕೋತೀರಿ. ಹಳೇ ಟವೆಲಲ್ಲಿ ಒರೆಸಿ, ದೊಡ್ಡ ಗಾರ್ಬೇಜ್ ಬ್ಯಾಗಿಗೆ ತುರುಕಿ ಹೊರಡಿ. ಬೂದಿಗೆ ನೀರು ಹುಯ್ದು, ಕಲಸಿ, ಮೇಲೆ ಕೈ ಇಟ್ಟು ತಣ್ಣಗಿದೆಯಾ ನೋಡಿ. ಮನೆಗೆ ಹೋದ ರಾತ್ರಿನೇ ಟೆಂಟನ್ನ ಗ್ಯಾರೇಜಲ್ಲಿ ಹಗ್ಗದ ಮೇಲೆ ಹರಡಿ, ಎರಡು ದಿನ ಹಾಗೇ ಇರಲಿ, ಒಂದು ವಾರ ಬ್ಯಾಗಲ್ಲೇ ಬಿಟ್ರೆ ಬೂಷ್ಟು ಹಿಡಿಯತ್ತೆ. ಸ್ಲೀಪಿಂಗ್ ಬ್ಯಾಗನ್ನ ಸುತ್ತಿ ಬಿಗಿದು ಇಡ್ಬೇಡಿ, ಕ್ಲಾಸೆಟ್ಟಲ್ಲಿ ಸಡಿಲವಾಗಿ ನೇತುಹಾಕಿ.